ಶಿವಾಜಿನಗರದ ಸಮವಸ್ತ್ರದ ಅಂಗಡಿಯಲ್ಲಿ ಕಿಲ್ಟ್ ಸರಿಮಾಡಿಸಿದ್ದು

ನಮ್ಮ ಖಾಸಗಿ ಪೈಪ್ ಬ್ಯಾಂಡಿಗೆಂದು (ಬ್ಯಾಗ್‌ಪೈಪ್ ನುಡಿಸುವ ವಾದ್ಯವೃಂದ) ಬ್ರಿಟನ್ನಿನಿಂದ ತರಿಸಿದ ಹಳೆಯ ಸೇನಾ ಕಿಲ್ಟುಗಳಲ್ಲಿ, ಅಂದರೆ ಸ್ಕಾಟ್ಲೆಂಡಿನ ಗಂಡಸರು ಸೊಂಟಕ್ಕೆ ಸುತ್ತಿಕೊಳ್ಳುವ ನೆರಿಗೆಯ ಚೌಕಳಿ ಉಡುಪುಗಳಲ್ಲಿ, ನನ್ನ ಪಾಲಿಗೆ ಬಂದದ್ದು ಸೊಂಟದಲ್ಲಿ 2 ಅಂಗುಲ ಸಡಿಲವಾಗಿತ್ತು, ಉದ್ದದಲ್ಲಿ 1 ಅಂಗುಲ ಹೆಚ್ಚಿತ್ತು. ಮನೆಯ ಹತ್ತಿರದ ದರ್ಜಿಯೊಬ್ಬರು ಅದನ್ನು ಲಂಗವೆಂದೇ ಎಣಿಸಿ, ಕೆಳಗಿನಿಂದ ಕತ್ತರಿಸಿ ಮಡಚಿ ಹೊಲಿಯುತ್ತೇನೆಂದಾಗ, ಬಟ್ಟೆಯನ್ನು ಎತ್ತಿಕೊಂಡು ಶಿವಾಜಿನಗರದ ಓಣಿಯೊಂದರಲ್ಲಿರುವ ಈ ಸಮವಸ್ತ್ರದ ಅಂಗಡಿಗೆ ಹೋದೆ.

ಅಂಗಡಿಯ ಹಿರಿಯ ಮಾಸ್ಟರ್ ಟೇಪು ಹಿಡಿಯುವ ಮೊದಲು ಕಿಲ್ಟನ್ನು ಮೇಜಿನ ಮೇಲೆ ಬೋರಲು ಹಾಸಿ ನೆರಿಗೆಗಳನ್ನು ಬಹಳ ಹೊತ್ತು ನೋಡಿದರು. ಸೇನೆಯ ಕಿಲ್ಟುಗಳಲ್ಲಿ ಸಾಮಾನ್ಯವಾಗಿ ಪ್ರತಿ ನೆರಿಗೆಯ ಮೇಲೂ ಚೌಕಳಿಯ ಅದೇ ಗೆರೆ ಬರುವಂತೆ ಮಡಚಿರುತ್ತಾರೆ. ಸೊಂಟ ಇಳಿಸಲೆಂದು ಒಂದೆರಡು ನೆರಿಗೆ ಬಿಚ್ಚಿ ಹೊಲಿದರೆ ಹಿಂಭಾಗದ ಸಾಲೇ ಕೆಡುತ್ತದೆ. ಅವರು ನೆರಿಗೆಗೆ ಕೈ ಹಚ್ಚದೆ, ಎರಡೂ ಬದಿಯ ಚರ್ಮದ ಪಟ್ಟಿ ಮತ್ತು ಬಕಲುಗಳನ್ನು ಸಮವಾಗಿ ಸರಿಸಿ, ನೆರಿಗೆಯಿಲ್ಲದ ಮುಂಭಾಗ ನಡುವಿನಲ್ಲೇ ನಿಲ್ಲುವಂತೆ ಮಾಡಿದರು. ಕೆಳಗಿನ ಅಂಚು ಮಗ್ಗದಲ್ಲೇ ಮುಗಿದ ಅಂಚಾದ್ದರಿಂದ ಅದನ್ನೂ ಮುಟ್ಟದೆ, ಲೈನಿಂಗ್ ಮತ್ತು ಸೊಂಟಪಟ್ಟಿ ಬಿಚ್ಚಿ ಮೇಲಿನಿಂದಲೇ ಉದ್ದ ಇಳಿಸಿದರು. ಆಮೇಲೆ ನನ್ನನ್ನು ಮೊಣಕಾಲೂರಿಸಿ, ಅಂಚು ನೆಲದಿಂದ 1 ಅಂಗುಲದಷ್ಟು ಮೇಲೆ ನಿಂತಿದೆಯೇ ಎಂದು ಪರೀಕ್ಷಿಸಿದರು. ಶಾಲೆಯ ಸಮವಸ್ತ್ರಕ್ಕೆಂದು ಬಂದಿದ್ದ ಮಕ್ಕಳಿಗೆ ಇದು ಪುಕ್ಕಟೆ ಮನರಂಜನೆಯಾಯಿತು.

ಇಸ್ತ್ರಿಯಲ್ಲಿ ಮಾತ್ರ ಹುಡುಗರು ಅವಸರಪಟ್ಟರು. ಸುಮಾರು 7 ಮೀಟರ್ ಉಣ್ಣೆ ಬಟ್ಟೆ ಹಿಡಿಯುವ ಉಡುಪಿದು; ನೆರಿಗೆಗಳನ್ನು ಅಂಚಿನವರೆಗೆ ಕಚ್ಚಾ ಹೊಲಿಗೆಯಿಂದ ಹಿಡಿದು, ಒದ್ದೆ ಬಟ್ಟೆ ಹಾಸಿ ಒತ್ತಬೇಕು. ಒಣ ಪೆಟ್ಟಿಗೆಯನ್ನು ನೇರವಾಗಿ ಇಟ್ಟಿದ್ದರಿಂದ ಮುಂಭಾಗದಲ್ಲಿ ಅಂಗೈಯಗಲದ ಹೊಳಪು ಕುಳಿತಿದೆ. ಮಾಸ್ಟರ್ ಕ್ಷಮೆ ಕೇಳಿ ಹಬೆ ಕೊಟ್ಟರು, ಅರ್ಧ ಹೋಯಿತು.

ಕಿಲ್ಟಿನ ಜೊತೆಗೆ ಮಾಡಿಸಿದ ಅಂಗಿಯ ಕೆಲಸ ಸಾಧಾರಣ. ಕಿಲ್ಟ್ ಪ್ಯಾಂಟಿನಂತೆ ಸೊಂಟದ ಕೆಳಗೆ ಕೂರದೆ ಹೊಕ್ಕುಳಿನ ಮಟ್ಟದಲ್ಲಿ ನಿಲ್ಲುವುದರಿಂದ ಬೆಲ್ಟು ಎದೆಯ ಜೇಬುಗಳ ಸಮೀಪಕ್ಕೇ ಏರುತ್ತದೆ. ಖಾಕಿ ಅಂಗಿಯ ಜೇಬನ್ನು ಸ್ವಲ್ಪ ಮೇಲಕ್ಕೆ ಕೂರಿಸಿ ಎಂದು ನಾನೇ ಹೇಳಬೇಕಾಯಿತು. ತೋಳಿನ ಲಾಂಛನಗಳಲ್ಲಿ ಬಲಗಡೆಯದು ಎಡಗಡೆಯದಕ್ಕಿಂತ ಕಾಲು ಅಂಗುಲ ಕೆಳಗಿತ್ತು, ಬಿಚ್ಚಿ ಹೊಲಿಸಿದೆ.

ಲಾಂಛನದ ವಿಷಯದಲ್ಲಿ ಅವರ ಎಚ್ಚರಿಕೆ ನನಗೆ ಹಿಡಿಸಿತು. ಬ್ಯಾಂಡಿನ ಪತ್ರ ನೋಡಿದ ಮೇಲೆಯೇ ನಮ್ಮ ಸ್ವಂತ ಚಿಹ್ನೆಯನ್ನು ಹೊಲಿದರು. ಗೆಳೆಯನೊಬ್ಬ ಚಂದಕ್ಕೆಂದು ಕೇಳಿದ ಸೇನಾ ರೆಜಿಮೆಂಟಿನ ಭುಜಪಟ್ಟಿಯನ್ನು ಖಡಾಖಂಡಿತವಾಗಿ ನಿರಾಕರಿಸಿದರು. ಸೈನಿಕನೆಂದು ನಂಬಿಸುವ ಉದ್ದೇಶದಿಂದ ಅಂತಹ ಉಡುಪು, ಚಿಹ್ನೆ ಧರಿಸುವುದು ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಮಿನಡಿ ಅಪರಾಧ. ಗೆಳೆಯನಿಗೆ ಆ ಉದ್ದೇಶವಿರಲಿಲ್ಲ, ಆದರೆ ಮೆರವಣಿಗೆಯಲ್ಲಿ ನಿಂತು ನೋಡುವವರಿಗೆ ಅದು ತಿಳಿಯುವುದು ಹೇಗೆ?

8 ದಿನವೆಂದದ್ದು 13 ದಿನವಾಯಿತು, ಕಿಲ್ಟಿಗೂ ಅಂಗಿಗೂ ಸೇರಿ 2,200 ರೂಪಾಯಿ ತೆಗೆದುಕೊಂಡರು. ಕಿಲ್ಟಿಗಾಗಿ ಇಲ್ಲಿಗೇ ಹೋಗಿ. ಅಳತೆಗೆ ಹೋಗುವಾಗ ಮೆರವಣಿಗೆಗೆ ಹಾಕುವ ಬೆಲ್ಟು, ಅಂಗಿ ಎರಡನ್ನೂ ತೊಟ್ಟುಕೊಂಡು ಹೋಗಿ, ಇಸ್ತ್ರಿಯನ್ನು ಮಾತ್ರ ಎದುರಿಗೇ ನಿಂತು ಮಾಡಿಸಿಕೊಳ್ಳಿ.