ದಸರಾ ಮುಗಿದ ಮೇಲೆ, ದೀಪಾವಳಿಗೆ ಮುಂಚೆ: ಅವ್ವನ ಜೊತೆ ಮಂಗಳೂರಿನಲ್ಲಿ ಮೂರು ದಿನ

ಹಾಸನಕ್ಕೆ ಮಂಗಳೂರು ದೂರವೇನಲ್ಲ. ಆದರೂ 72 ವರ್ಷದ ನಮ್ಮವ್ವ ಸಮುದ್ರ ನೋಡಿರಲಿಲ್ಲ. ಧರ್ಮಸ್ಥಳಕ್ಕೆ, ಸುಬ್ರಹ್ಮಣ್ಯಕ್ಕೆ ಎಷ್ಟೋ ಸಲ ಹೋಗಿದ್ದಾಳೆ. ಪ್ರತಿ ಸಲವೂ ಅಲ್ಲಿಂದಲೇ ವಾಪಸ್ಸು. ಈ ಸಲ ಕರೆದುಕೊಂಡು ಹೋಗಲೇಬೇಕು ಅಂತ ಹಟ ಹಿಡಿದೆ. ನಾನು ಸ್ಕೂಲ್ ಟೀಚರ್, ದಸರಾ ರಜೆ ಬಿಟ್ಟರೆ ಬೇರೆ ಬಿಡುವು ಇಲ್ಲ. ಆದರೆ ಹಬ್ಬದ ದಿನಗಳಲ್ಲಿ ಬೇಡ ಅನ್ನಿಸಿತು. ಕುದ್ರೋಳಿ ಗೋಕರ್ಣನಾಥೇಶ್ವರ ದೇವಸ್ಥಾನದ ದಸರಾ ನೋಡೋಕೆ ಅಷ್ಟು ಜನ ಸೇರುತ್ತಾರೆ. ಮಂಡಿ ನೋವಿರುವವಳನ್ನು ಆ ಜನದ ಮಧ್ಯೆ ನಡೆಸೋದು ಹೇಗೆ? ವಿಜಯದಶಮಿ ಕಳೆದು ಮೂರು ದಿನ ಬಿಟ್ಟು ಹೊರಟೆವು.

ಹಗಲು ರೈಲಿನಲ್ಲೇ ಹೋಗಿ. ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ 2021ರಿಂದ ಇದೆ. ನಾವು ಸಾಮಾನ್ಯ ಬೋಗಿಯಲ್ಲೇ ಕಿಟಕಿ ಪಕ್ಕ ಕೂತೆವು, ಏನೂ ಕಡಿಮೆ ಅನ್ನಿಸಲಿಲ್ಲ. ಸಕಲೇಶಪುರ ದಾಟಿದರೆ ಸುಬ್ರಹ್ಮಣ್ಯ ರೋಡ್ ತನಕ 57 ಸುರಂಗ. ಅವ್ವ ಎಣಿಸೋಕೆ ಶುರು ಮಾಡಿದಳು, ಇಪ್ಪತ್ತಾಗುವಷ್ಟರಲ್ಲಿ ಬಂಡೆ ಮೇಲಿಂದ ಇಳಿಯುವ ನೀರು ನೋಡುತ್ತಾ ಲೆಕ್ಕ ಮರೆತಳು. ಬೇಸಿಗೆಯಲ್ಲಿ ನಾನು ಇದೇ ದಾರಿಯಲ್ಲಿ ಹೋಗಿದ್ದೆ. ಆಗ ಈ ನೀರು ಇರಲಿಲ್ಲ.

ಮೊದಲ ರಾತ್ರಿಯ ಲಾಡ್ಜ್ ಮಾತ್ರ ಚೆನ್ನಾಗಿರಲಿಲ್ಲ. ಫೋನಿನಲ್ಲಿ ಬುಕ್ ಮಾಡಿದ್ದೆ. ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಬೀರುವಿನ ಒಳಗೆ ಬೂಷ್ಟು, ಬೆಡ್‌ಶೀಟ್ ಮುಟ್ಟಿದರೆ ತಣ್ಣಗೆ. ನಾಲ್ಕು ತಿಂಗಳು ಬಿಡದೆ ಸುರಿಯುವ ಊರು, ನೆಲಮಹಡಿಯ ರೂಮಿಗೆ ಬಿಸಿಲು ಬಿದ್ದು ಎಷ್ಟು ದಿನವಾಗಿತ್ತೋ. ಬೇರೆ ರೂಮು ಕೇಳಿದೆ, ಇಲ್ಲ ಅಂದರು. ಅರ್ಧದಷ್ಟು ರೂಮುಗಳ ಕೀ ಬೋರ್ಡಿನಲ್ಲೇ ನೇತಾಡುತ್ತಿದ್ದವು, ಆದರೂ ಇಲ್ಲ ಅಂದರು. ಅವ್ವನಿಗೆ ರಾತ್ರಿಯೆಲ್ಲ ಕೆಮ್ಮು. ನನಗೆ ನಿಜವಾಗಲೂ ಬೇಜಾರಾಯಿತು. ಬೆಳಿಗ್ಗೆ ಹಂಪನಕಟ್ಟೆ ಹತ್ತಿರ ಇನ್ನೊಂದು ಕಡೆ ಹೋಗಿ, ರೂಮು ನೋಡಿ, ಹಾಸಿಗೆ ಮುಟ್ಟಿ ನೋಡಿ, ಆಮೇಲೆ ದುಡ್ಡು ಕೊಟ್ಟೆ. ಮೂರನೇ ಮಹಡಿ, ಲಿಫ್ಟ್ ಇತ್ತು, ಕಿಟಕಿಗೆ ಪೂರ್ವದ ಬಿಸಿಲು. ಈ ಸಮಯದಲ್ಲಿ ಹೋಗುವವರು ದಯವಿಟ್ಟು ಮೊದಲೇ ಪೂರ್ತಿ ದುಡ್ಡು ಕಟ್ಟಬೇಡಿ. ರೂಮುಗಳು ಖಾಲಿ ಇರುತ್ತವೆ, ಆರಿಸಿಕೊಳ್ಳಬಹುದು.

ಇನ್ನು ಊಟ. ನಮ್ಮದು ಕೆರೆ ಮೀನಿನ ಸಾರಿನ ಮನೆ. ಅವ್ವನ ಕೈಯ ಮೀನು ಸಾರು ನಮ್ಮ ನೆಂಟರಲ್ಲೆಲ್ಲ ಹೆಸರುವಾಸಿ. ಹಾಗಾಗಿ ಬಂದರಿನ ನಾರಾಯಣ ಹೋಟೆಲಿಗೆ ಕರೆದುಕೊಂಡು ಹೋಗುವಾಗ ನನಗೆ ಸ್ವಲ್ಪ ಅಳುಕೇ ಇತ್ತು. ಹಳೇ ಜಾಗ, ಒಳಗೆ ಸೆಕೆ, ಮಸಾಲೆ ಹುರಿಯುವ ಘಾಟು. ಬಡಿಸುವವರು ಹುರಿದ ಮೀನನ್ನು ಮೇಜಿಗೇ ತಂದು ತೋರಿಸಿದರು. "ಅಂಜಲ್ ಉಂಟು, ಕಾಣೆ ಉಂಟು, ಬಂಗುಡೆ ಇವತ್ತು ಒಳ್ಳೇದುಂಟು. ಅಮ್ಮನಿಗೆ ಯಾವುದು?" ಅಂದರು. ಅವ್ವ ಬಂಗುಡೆ ತೋರಿಸಿದಳು. ಕುಚ್ಚಲಕ್ಕಿ ಅನ್ನಕ್ಕೆ ಸಾರು ಕಲಸಿ, ಮೀನಿನ ಬೆನ್ನು ಬಿಡಿಸಿ ಬಾಯಿಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಇದಕ್ಕೆ ಕೆಸರು ವಾಸನೇನೇ ಇಲ್ವಲ್ಲೇ" ಅಂದಳು. ಇನ್ನೊಂದು ಹಾಕಿಸಿಕೊಂಡಳು.

ಕೆರೆ ಮೀನು ತಿಂದು ಬೆಳೆದವರಿಗೆ ಆ ಮಾತು ಅರ್ಥವಾಗುತ್ತದೆ. ನಾವು ಉಪ್ಪು, ಅರಿಶಿನ, ಹುಣಸೆಹಣ್ಣು ಹಾಕಿ ನಾಲ್ಕು ಸಲ ತೊಳೆಯೋದು ಆ ವಾಸನೆ ಹೋಗಲಿ ಅಂತಲೇ ಅಲ್ವಾ?

ಮೀನಿಗೂ ಈ ತಿಂಗಳು ಒಳ್ಳೆಯದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮರಿ ಮಾಡುವ ಕಾಲ ಅದು. ಆಗಸ್ಟ್‌ನಿಂದ ದೋಣಿಗಳು ಮತ್ತೆ ಹೊರಡುತ್ತವೆ. ನಾವು ಹೋದಾಗ ಬಂದರಿನ ದಾರಿಯಲ್ಲಿ ಬುಟ್ಟಿ ಬುಟ್ಟಿ ಬಂಗುಡೆ, ಬೂತಾಯಿ. ಮೀನು ಮಾರುವ ಹೆಂಗಸರು ತುಳುವಿನಲ್ಲಿ ಕರೆದರು, ಅವ್ವ ನಮ್ಮ ಕಡೆ ಕನ್ನಡದಲ್ಲಿ ರೇಟು ಕೇಳಿದಳು. ಸುಮ್ನೆ ಕೇಳಿದ್ದು, ಲಾಡ್ಜಿಗೆ ಒಯ್ದು ಏನು ಮಾಡೋಕಾಗುತ್ತೆ! ಆದರೂ ಇಬ್ಬರೂ ಹತ್ತು ನಿಮಿಷ ಮಾತಾಡಿದರು.

ಬೆಳಗಿನ ತಿಂಡಿಗೆ ನೀರುದೋಸೆ, ಬನ್ಸ್ ಎಲ್ಲಿ ತಿಂದರೂ ಚೆನ್ನಾಗಿತ್ತು. ಲಾಲ್‌ಬಾಗಿನ ಪಬ್ಬಾಸ್‌ನಲ್ಲಿ ಗಡ್‌ಬಡ್ ತಿಂದೆವು. 1975ರಲ್ಲಿ ಶುರುವಾದ ಐಡಿಯಲ್ ಐಸ್‌ಕ್ರೀಮಿನವರದೇ ಅದು. ಕಾಲೇಜು ದಿನಗಳಲ್ಲಿ ಡಿಸೆಂಬರಿನಲ್ಲಿ ಬಂದಾಗ ಟೇಬಲ್ಲಿಗೆ ಮುಕ್ಕಾಲು ಗಂಟೆ ನಿಂತಿದ್ದೆವು. ಈ ಸಲ ಹೋದ ತಕ್ಷಣ ಫ್ಯಾನಿನ ಕೆಳಗೇ ಜಾಗ ಸಿಕ್ಕಿತು.

ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್‌ಗೆ ವಯಸ್ಸಾದವರನ್ನು ಖಂಡಿತ ಕರೆದುಕೊಂಡು ಹೋಗಿ. ಇಟಲಿಯ ಆಂಟೋನಿಯೊ ಮೊಸ್ಚೆನಿ ಗೋಡೆ, ಚಾವಣಿ ಎಲ್ಲ ತುಂಬಿಸಿ ಬಿಡಿಸಿದ ಚಿತ್ರಗಳಿವೆ. ನೂರಕ್ಕೂ ಹೆಚ್ಚು ವರ್ಷ ಹಳೆಯವು. ಒಳಗೆ ಫೋಟೊ ತೆಗೆಯುವ ಹಾಗಿಲ್ಲ, ಅದೇ ಒಳ್ಳೆಯದಾಯಿತು. ಬೆಂಚಿನ ಮೇಲೆ ಕೂತು ಕತ್ತೆತ್ತಿ ನೋಡುತ್ತಾ ಅರ್ಧ ಗಂಟೆ ಕಳೆದೆವು. ನಮ್ಮನ್ನು ಬಿಟ್ಟರೆ ಇನ್ನು ನಾಲ್ಕೇ ಜನ.

ಇಷ್ಟೆಲ್ಲದರಲ್ಲಿ ನನಗೆ ತುಂಬಾ ಇಷ್ಟವಾಗಿದ್ದು ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದಾಟುವ ದೋಣಿ. ನದಿಯೊಳಗೆ ಯುದ್ಧದ ಹಡಗು ನುಗ್ಗದಿರಲಿ ಅಂತ ಟಿಪ್ಪು 1784ರಲ್ಲಿ ಕಟ್ಟಿಸಿದ ಕರಿಕಲ್ಲಿನ ಕಾವಲು ಬುರುಜು ದಡದಲ್ಲೇ ಇದೆ. ಅವ್ವನಿಗೆ ಮೆಟ್ಟಿಲು ಬೇಡ ಅಂತ ಕೆಳಗಿನಿಂದಲೇ ನೋಡಿದೆವು. ದೋಣಿ ದಾಟೋದು ಕೆಲವೇ ನಿಮಿಷ. ಆದರೆ ಹತ್ತೋದೇ ಕಷ್ಟ, ದಡಕ್ಕೂ ದೋಣಿಗೂ ಮಧ್ಯೆ ಒಂದು ಹೆಜ್ಜೆ ಅಗಲ, ಅದೂ ಅಲ್ಲಾಡುತ್ತಿರುತ್ತದೆ. ಅವ್ವ ನಿಂತುಬಿಟ್ಟಳು. ದೋಣಿಯವರು ಎಂಜಿನ್ ನಿಲ್ಲಿಸಿ ಬಂದು ಕೈ ಕೊಟ್ಟು, "ಮೆಲ್ಲ ಬನ್ನಿ ಅಮ್ಮ, ಅರ್ಜೆಂಟ್ ಇಲ್ಲ" ಅಂದರು. ದೋಣಿಯಲ್ಲಿದ್ದಿದ್ದು ಏಳೆಂಟು ಜನ, ಯಾರೂ ಗೊಣಗಲಿಲ್ಲ. ಜನ ತುಂಬಿದ ಸೀಸನ್ನಿನಲ್ಲಿ ಅವರಿಗೆ ಮನಸ್ಸಿದ್ದರೂ ಹೀಗೆ ಕಾಯೋಕೆ ಪುರುಸೊತ್ತು ಇರುತ್ತಿರಲಿಲ್ಲ.

ಆ ಕಡೆ ಇಳಿದು ಗಾಳಿಮರಗಳ ಮಧ್ಯೆ ಸ್ವಲ್ಪ ನಡೆದರೆ ಸಮುದ್ರ. ಅವ್ವ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಳು. ಮೊದಲು ಕೇಳಿದ್ದೇ, "ಇದು ಯಾವಾಗಲೂ ಹಿಂಗೇ ಸದ್ದು ಮಾಡುತ್ತಾ?" ಅಂತ. ಅಲೆ ಇನ್ನೂ ಜೋರಾಗಿದ್ದವು. ಪಾದ ನೆನೆಸಿಕೊಳ್ಳಿ ಸಾಕು, ಈಜುವ ಸಾಹಸ ಬೇಡ.

ಸೆಕೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ಹನ್ನೊಂದು ಗಂಟೆಯಿಂದ ನಾಲ್ಕರವರೆಗೆ ರೂಮಿನಲ್ಲೇ ಇರಿ. ಎರಡು ಸಂಜೆ ಗುಡುಗು ಮಳೆಯೂ ಬಂತು. "ಚಿತ್ತಾ ಮಳೆ, ಒಂದು ಗಳಿಗೆ ಹುಯ್ದು ಹೋಗುತ್ತೆ" ಅಂದಳು ಅವ್ವ, ಹಾಗೇ ಆಯಿತು. ಕೊಡೆ ಬ್ಯಾಗಿನಲ್ಲೇ ಇರಲಿ. ಸಿಟಿ ಬಸ್ಸುಗಳ ಮೆಟ್ಟಿಲು ಎತ್ತರ, ಡ್ರೈವರ್‌ಗಳಿಗೆ ಅವಸರ ಜಾಸ್ತಿ. ಮಂಡಿ ನೋವಿನವರಿಗೆ ಆಟೊನೇ ಸರಿ. ಮತ್ತೆ ತಣ್ಣೀರುಬಾವಿಗೆ ದಾಟುವಾಗ ಕೊನೇ ದೋಣಿ ಎಷ್ಟು ಗಂಟೆಗೆ ಅಂತ ಕೇಳಿಕೊಂಡೇ ಹೋಗಿ. ತಪ್ಪಿದರೆ ಪಣಂಬೂರು, ಕೂಳೂರು ಸೇತುವೆ ಸುತ್ತಿ ಬರಬೇಕು. ನಾವು ಸೂರ್ಯ ಮುಳುಗುವ ತನಕ ಕೂತೆವು, ಆಮೇಲೆ ಅವ್ವ ಇನ್ನೂ ಐದು ನಿಮಿಷ ಅಂದಳು, ಕೊನೇ ದೋಣಿಗೆ ಓಡೋಡಿ ಬಂದಿದ್ದು ನಾನೊಬ್ಬಳೇ. ದೋಣಿಯವರು ಅವ್ವ ಬರುವ ತನಕ ನಿಲ್ಲಿಸಿಕೊಂಡಿದ್ದರು.