ಕಾಡು ಟರ್ಕಿಯನ್ನು ಕರೆಯುವ ಮೂರು ಸಾಧನಗಳು: ಪೆನ್ಸಿಲ್ವೇನಿಯಾದ ವಸಂತದ ಬೇಟೆಯಲ್ಲಿ ಕಂಡ ಹೋಲಿಕೆ

ವಸಂತ ಋತುವಿನ ಟರ್ಕಿ ಬೇಟೆಯಲ್ಲಿ ಬೇಟೆಗಾರ ಹಕ್ಕಿಯನ್ನು ಹುಡುಕಿಕೊಂಡು ಹೋಗುವುದಿಲ್ಲ. ಹಕ್ಕಿಯೇ ಅವನಿದ್ದಲ್ಲಿಗೆ ಬರಬೇಕು. ಕಾಡಿನ ಸಹಜ ಕ್ರಮ ಇದಕ್ಕೆ ತದ್ವಿರುದ್ಧವಾಗಿದೆ. ನಸುಕಿನಲ್ಲಿ ಮರದ ಮೇಲೆ ಕುಳಿತು ಹುಂಜ ಕೂಗುತ್ತದೆ, ಆ ಕೂಗಿನ ಜಾಡು ಹಿಡಿದು ಹೇಂಟೆಗಳು ಅದರ ಬಳಿಗೆ ಹೋಗುತ್ತವೆ. ಹೇಂಟೆಯ ದನಿಯನ್ನು ಅನುಕರಿಸಿ ‘ನೀನೇ ಇಲ್ಲಿಗೆ ಬಾ’ ಎಂದು ಕರೆಯುವವನು ಹುಂಜದ ಹುಟ್ಟುಗುಣಕ್ಕೆ ಒಗ್ಗದ ಬೇಡಿಕೆಯನ್ನೇ ಅದರ ಮುಂದಿಡುತ್ತಿರುತ್ತಾನೆ. ಆದ್ದರಿಂದ ಈ ಬೇಟೆಯ ಏಳುಬೀಳುಗಳಲ್ಲಿ ಬಹುಪಾಲು ಕೂಗಿಗೇ ಸಂಬಂಧಿಸಿದವು. ಕೋವಿಯ ಪಾತ್ರ ಬರುವುದು ಎಲ್ಲಕ್ಕಿಂತ ಕೊನೆಯಲ್ಲಿ. ದಕ್ಷಿಣ ಪೆನ್ಸಿಲ್ವೇನಿಯಾದ ಮಿಶೋ ಅರಣ್ಯದ ಓಕ್ ಗುಡ್ಡಗಳಲ್ಲಿ ಹಲವು ವಸಂತಗಳನ್ನು ಕಳೆದು, ಬಾಕ್ಸ್ ಕಾಲ್, ಪಾಟ್ ಕಾಲ್ ಮತ್ತು ಬಾಯೊಳಗೆ ಇಟ್ಟುಕೊಳ್ಳುವ ಡಯಾಫ್ರಂ ಕಾಲ್ ಎಂಬ, ಹೇಂಟೆಯ ದನಿ ಹೊರಡಿಸುವ ಮೂರು ಸಾಧನಗಳನ್ನೂ ಬಳಸಿ ನೋಡಿದ ಮೇಲೆ ನನಗೆ ಉಳಿದ ಅಭಿಪ್ರಾಯಗಳನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಕರ್ನಾಟಕದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಶಿಕಾರಿ ಎಂಬುದು ಅಪರಾಧವಾಗಿರುವುದರಿಂದ, ಸರ್ಕಾರದ ಪರವಾನಗಿ ಪಡೆದು ಕಾಡುಹಕ್ಕಿಯನ್ನು ಹೊಡೆಯುತ್ತಾರೆಂದರೆ ಊರಿನ ನೆಂಟರಿಗೆ ನಂಬಿಕೆ ಬರುವುದಿಲ್ಲ. ಅಮೆರಿಕದಲ್ಲಿ 1930ರ ದಶಕದ ಹೊತ್ತಿಗೆ ಈ ಹಕ್ಕಿಯ ಸಂಖ್ಯೆ ಸುಮಾರು 2 ಲಕ್ಷಕ್ಕೆ ಇಳಿದಿತ್ತು. ಕೋವಿ ಮತ್ತು ತೋಟಾಗಳ ಮೇಲೆ ತೆರಿಗೆ ವಿಧಿಸಿ ಆ ಹಣವನ್ನು ವನ್ಯಜೀವಿಗಳಿಗೇ ವಿನಿಯೋಗಿಸುವ 1937ರ ಪಿಟ್‌ಮನ್-ರಾಬರ್ಟ್ಸನ್ ಕಾಯ್ದೆ, ಕಾಡಿನ ಹಕ್ಕಿಗಳನ್ನು ಸಿಡಿಮದ್ದಿನ ಬಲದಿಂದ ಹಾರಿ ಬೀಳುವ ಬಲೆಯಿಂದ ಹಿಡಿದು ಬರಿದಾದ ಕಾಡುಗಳಿಗೆ ಸಾಗಿಸಿದ ಕಾರ್ಯಕ್ರಮ, ಇವೆರಡರ ಫಲವಾಗಿ ಇಂದು ಅವು ಲಕ್ಷಗಟ್ಟಲೆ ಇವೆ. ಒಂದು ಹುಂಜ ಅನೇಕ ಹೇಂಟೆಗಳೊಂದಿಗೆ ಕೂಡುವ ಜಾತಿಯಾದ್ದರಿಂದ, ಕೂಡುವ ಕಾಲ ಬಹುಮಟ್ಟಿಗೆ ಮುಗಿಯುತ್ತಾ ಬಂದಾಗ ಒಂದಿಷ್ಟು ಹುಂಜಗಳು ಹೋದರೂ ಸಂತತಿಗೆ ಧಕ್ಕೆಯಾಗದು ಎಂಬುದು ವಸಂತದ ಬೇಟೆಯ ಹಿಂದಿರುವ ತರ್ಕ. ಪೆನ್ಸಿಲ್ವೇನಿಯಾದಲ್ಲಿ ಎದೆಯ ಮೇಲೆ ಗಡ್ಡದಂತೆ ಕಾಣುವ ಬಿರುಸಾದ ಕುಚ್ಚು ಇರುವ ಹಕ್ಕಿಯನ್ನು ಮಾತ್ರ ಹೊಡೆಯಬಹುದು. ವಿದ್ಯುನ್ಮಾನ ಯಂತ್ರದಿಂದ ದನಿ ಹೊರಡಿಸುವಂತಿಲ್ಲ, ಹೊಂಚುತ್ತಾ ಹಕ್ಕಿಯ ಹತ್ತಿರ ಹೋಗುವಂತೆಯೂ ಇಲ್ಲ, ಕರೆದೇ ಬರಿಸಿಕೊಳ್ಳಬೇಕು. ಆದ್ದರಿಂದ ಇಲ್ಲಿ ಯಾವ ಕಾಲ್ ಉತ್ತಮ ಎಂಬ ಪ್ರಶ್ನೆಗೆ ಬೇರೆ ರಾಜ್ಯಗಳಿಗಿಂತ ಹೆಚ್ಚು ತೂಕವಿದೆ.

ಬಾಕ್ಸ್ ಕಾಲ್ ಎಂದರೆ ಉದ್ದನೆಯ ಮರದ ಪೆಟ್ಟಿಗೆ, ಅದರ ಒಂದು ತುದಿಗೆ ತಿರುಪಿನಿಂದ ಬಿಗಿದ ಹಲಗೆಯ ಮುಚ್ಚಳ. ಮುಚ್ಚಳದ ತಳಕ್ಕೆ ಸೀಮೆಸುಣ್ಣ ಸವರಿ, ಪೆಟ್ಟಿಗೆಯ ತೆಳುವಾದ ಅಂಚಿನ ಮೇಲೆ ಎಳೆದರೆ ಹೇಂಟೆಯ ಎರಡು ಸ್ವರದ ಕೂಗು ಹೊರಡುತ್ತದೆ. ಆರ್ಕನ್ಸಾದ ಹೆನ್ರಿ ಗಿಬ್ಸನ್ 1897ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ರಚನೆಯಲ್ಲಿ ಅಂದಿನಿಂದ ಹೇಳಿಕೊಳ್ಳುವಂಥ ಬದಲಾವಣೆ ಆಗಿಲ್ಲ. ಹತ್ತು ನಿಮಿಷದಲ್ಲಿ ಯಾರು ಬೇಕಾದರೂ ಇದರಿಂದ ಒಪ್ಪುವಂಥ ದನಿ ತೆಗೆಯಬಹುದು, ಗಾಳಿ ಬೀಸುವ ದಿನ ಇದರಷ್ಟು ದೂರಕ್ಕೆ ಕೇಳಿಸುವ ಸಾಧನ ಇನ್ನೊಂದಿಲ್ಲ. ಆದರೆ ಇದಕ್ಕೆ ಎರಡು ಕೈಗಳೂ ಬೇಕು, ಮುಚ್ಚಳ ಆಚೀಚೆ ಆಡುವುದು ಹಕ್ಕಿಯ ಕಣ್ಣಿಗೆ ಬೀಳುತ್ತದೆ. ಮಳೆ ಹನಿದರಂತೂ ಸುಣ್ಣ ಒದ್ದೆಯಾಗಿ ದನಿಯೇ ಕಟ್ಟಿಹೋಗುತ್ತದೆ. ಬ್ರೆಡ್ಡಿನ ಪ್ಲಾಸ್ಟಿಕ್ ಚೀಲದೊಳಗೆ ಪೆಟ್ಟಿಗೆಯನ್ನೂ ಕೈಗಳನ್ನೂ ತೂರಿಸಿ ನುಡಿಸುವ ಹಳೆಯ ಉಪಾಯ ಕೆಲಸ ಮಾಡುತ್ತದೆಯಾದರೂ ಆ ಚೀಲದ ಚರಪರ ಸದ್ದು ನನಗೆ ಹಿಡಿಸಿಲ್ಲ.

ಪಾಟ್ ಕಾಲ್ ನನಗೆ ಪ್ರಿಯವಾದದ್ದು. ಅಂಗೈಯಗಲದ ದುಂಡನೆಯ ಬಟ್ಟಲು, ಅದರ ಮೇಲ್ಮೈಗೆ ಸ್ಲೇಟು, ಗಾಜು ಇಲ್ಲವೇ ಅಲ್ಯೂಮಿನಿಯಂ ತಟ್ಟೆ, ತಳದಲ್ಲಿ ತೂತುಗಳು. ಜೊತೆಗೆ ಸ್ಟ್ರೈಕರ್ ಎಂಬ ಕಡ್ಡಿ. ಬಳಪ ಹಿಡಿದು ಸ್ಲೇಟಿನ ಮೇಲೆ ತಿದ್ದಿದ ತಲೆಮಾರಿನವರಿಗೆ ಈ ಹಿಡಿತ ತಾನಾಗಿಯೇ ಬರುತ್ತದೆ. ಬಟ್ಟಲನ್ನು ಅಂಗೈಗೆ ಒತ್ತಿಕೊಳ್ಳದೆ ಬೆರಳ ತುದಿಗಳ ಮೇಲೆ ನಿಲ್ಲಿಸಿ, ಕೆಳಗೆ ಗಾಳಿ ಆಡುವಷ್ಟು ಜಾಗ ಬಿಡಬೇಕು. ಕಡ್ಡಿಯನ್ನು ತುಸು ಓರೆಯಾಗಿಸಿ, ತುದಿಯನ್ನು ಮೇಲ್ಮೈಯಿಂದ ಎತ್ತದೆ, ಕಡಲೆಕಾಳಿನಷ್ಟು ಚಿಕ್ಕ ಅಂಡಾಕಾರಗಳನ್ನು ಬರೆಯುತ್ತಾ ಹೋದರೆ ಸ್ವರ ಮೇಲಿನಿಂದ ಕೆಳಕ್ಕೆ ಒಡೆದು ‘ಕೀ-ಯಾಕ್’ ಎಂಬ ಕೂಗು ಬರುತ್ತದೆ. ಅದೇ ಕಡ್ಡಿಯನ್ನು ಹಗುರಾಗಿ, ನಿಧಾನವಾಗಿ ಒಂದೇ ಗೆರೆಯಲ್ಲಿ ಎಳೆದರೆ, ಮೇಯುತ್ತಿರುವ ಹೇಂಟೆ ನೆಮ್ಮದಿಯಿಂದ ಹೊರಡಿಸುವ ಗುರುಗುರು ದನಿ ಬರುತ್ತದೆ. ಈ ಮೃದುವಾದ ದನಿಯನ್ನು ಬಾಕ್ಸಿನಿಂದ ತೆಗೆಯಲು ಕೈ ಬಹಳ ಪಳಗಿರಬೇಕು, ಬಾಯಿಯ ಕಾಲ್‌ನಿಂದ ತೆಗೆಯುವುದು ಇನ್ನೂ ಕಷ್ಟ.

ಸ್ಲೇಟಿನ ಮೇಲ್ಮೈ ತಗ್ಗಿದ ದನಿಗೆ ಹೇಳಿಮಾಡಿಸಿದಂತಿದೆ. ಗಾಜು ಮತ್ತು ಅಲ್ಯೂಮಿನಿಯಂ ಹೆಚ್ಚು ಚುರುಕಾಗಿ, ಎತ್ತರದ ಸ್ವರದಲ್ಲಿ ಕೇಳುತ್ತವೆ. ಕಡ್ಡಿಯನ್ನು ಬದಲಾಯಿಸಿದರೆ ಅದೇ ಬಟ್ಟಲಿನಿಂದ ಬೇರೊಂದು ಹೇಂಟೆ ಕೂಗಿದಂತಾಗುತ್ತದೆ, ಹಾಗಾಗಿ ಒಂದು ಬಟ್ಟಲಿಗೆ ಎರಡು ಮೂರು ಕಡ್ಡಿಗಳನ್ನು ಇಟ್ಟುಕೊಳ್ಳುವುದು ಹೊಸ ಕಾಲ್ ಕೊಳ್ಳುವುದಕ್ಕಿಂತ ಅಗ್ಗದ ದಾರಿ. ಇದರ ದೊಡ್ಡ ತೊಂದರೆಯೆಂದರೆ ಆರೈಕೆ. ಬೆರಳಿನ ಎಣ್ಣೆಯಂಶ ತಗುಲಿದರೂ ಕಡ್ಡಿ ಜಾರುತ್ತದೆ; ಮೇಲ್ಮೈಯನ್ನು ಆಗಾಗ ಸ್ಯಾಂಡ್‌ಪೇಪರಿನಿಂದ ತಿಕ್ಕಿ ಒರಟಾಗಿಸುತ್ತಿರಬೇಕು. ಮೇ ತಿಂಗಳ ಮಂಜಿನಲ್ಲಿ ಮರದ ಕಡ್ಡಿಯ ತುದಿ ತೇವ ಹೀರಿಕೊಂಡರೆ ಮುಖ್ಯವಾದ ಕೂಗಿನ ನಡುವೆಯೇ ದನಿ ಮಾಯವಾಗುತ್ತದೆ. ಒದ್ದೆ ದಿನಗಳಿಗೆಂದು ನಾನು ಕಾರ್ಬನ್ ಕಡ್ಡಿಯನ್ನು ಪ್ರತ್ಯೇಕವಾಗಿ ಕೊಂಡೊಯ್ಯುತ್ತೇನೆ.

ಮೂರನೆಯದಾದ ಡಯಾಫ್ರಂ ಕಾಲ್ ನೋಡಲು ಏನೂ ಅಲ್ಲ: ಕುದುರೆ ಲಾಳದ ಆಕಾರದ ಚಿಕ್ಕ ಚೌಕಟ್ಟು, ಅದರಲ್ಲಿ ಬಿಗಿದ ತೆಳು ಲೇಟೆಕ್ಸ್ ಪದರಗಳು, ಸುತ್ತಲೂ ಟೇಪು. ಬೆಲೆಯೂ ಮೂರರಲ್ಲಿ ಇದರದೇ ಕಡಿಮೆ. ಆದರೆ ಕಲಿಯಲು ಹಿಡಿಯುವ ಕಾಲ ಇದರದೇ ಹೆಚ್ಚು. ಅಂಗುಳಕ್ಕೆ ಅಂಟಿಸಿಕೊಂಡು ನಾಲಿಗೆಯಿಂದ ಒತ್ತಿ, ಗಂಟಲಿನ ಆಳದಿಂದ ಬಿಸಿಯುಸಿರು ಬಿಟ್ಟಂತೆ ಗಾಳಿ ಹಾಯಿಸಬೇಕು. ದವಡೆಯನ್ನು ಇಳಿಸಿದಾಗ ಸ್ವರ ಒಡೆಯುತ್ತದೆ. ಮೊದಲ ದಿನಗಳಲ್ಲಿ ಓಕರಿಕೆ ಬರುತ್ತದೆ, ಜೊಲ್ಲು ಸುರಿಯುತ್ತದೆ. ಕೆಲವರ ಅಂಗುಳದ ಆಕಾರಕ್ಕೆ ಇದು ಒಗ್ಗುವುದೇ ಇಲ್ಲ. ಮನೆಯಲ್ಲಿ ಅಭ್ಯಾಸ ಮಾಡಿದರೆ ಉಳಿದವರ ಸಹನೆ ಕೆಡುವುದು ಖಂಡಿತವಾದ್ದರಿಂದ ಕೆಲಸಕ್ಕೆ ಹೋಗಿಬರುವ ಕಾರೇ ಇದಕ್ಕೆ ಸೂಕ್ತ ಪಾಠಶಾಲೆ. ಒಂದು ಪದರದ ಕಾಲ್ ಮೃದು ದನಿಗೆ ಒಳ್ಳೆಯದು. ಪದರಗಳು ಹೆಚ್ಚಾಗಿ, ಮೇಲಿನ ಪದರದಲ್ಲಿ ಸೀಳು ಇದ್ದರೆ ವಯಸ್ಸಾದ ಹೇಂಟೆಯ ಒರಟು ದನಿ ಬರುತ್ತದೆ, ಆದರೆ ಅದಕ್ಕೆ ಉಸಿರಿನ ಬಲ ಬೇಕು. ಬಳಸಿದ ಮೇಲೆ ಪದರಗಳು ಒಂದಕ್ಕೊಂದು ಅಂಟದಂತೆ ನಡುವೆ ಹಲ್ಲುಕಡ್ಡಿ ತೂರಿಸಿ ಫ್ರಿಜ್ಜಿನಲ್ಲಿ ಇಡದಿದ್ದರೆ ಮುಂದಿನ ವಸಂತಕ್ಕೆ ಅದು ಕೆಲಸಕ್ಕೆ ಬಾರದು.

ಇಷ್ಟೆಲ್ಲ ಪರಿಪಾಟಲು ಯಾವ ಕಾರಣಕ್ಕಾಗಿ ಎಂಬುದು ಹುಂಜ ನಲವತ್ತು ಗಜದೊಳಗೆ ಬಂದಾಗ ತಿಳಿಯುತ್ತದೆ. ಟರ್ಕಿಗೆ ವಾಸನೆ ಹಿಡಿಯುವ ಶಕ್ತಿ ಕಡಿಮೆ. ಆದರೆ ಕಣ್ಣುಗಳು ತಲೆಯ ಎರಡು ಬದಿಗಳಲ್ಲಿ ಇರುವುದರಿಂದ ಅದು ಕತ್ತನ್ನು ಕೊಂಚ ತಿರುಗಿಸಿದರೂ ಸುತ್ತಲಿನ ಎಲ್ಲವೂ ಕಾಣುತ್ತದೆ. ಎದುರಿನ ಮೌಂಟನ್ ಲಾರೆಲ್ ಪೊದೆಯ ಆಚೆ ಮೊದಲು ಬಿಳಿಚಿದ ನೆತ್ತಿ, ಆಮೇಲೆ ಬೀಸಣಿಗೆಯಂತೆ ಬಿಚ್ಚಿದ ಬಾಲದ ಅಂಚು ಕಾಣಿಸುತ್ತದೆ; ರೆಕ್ಕೆಯ ತುದಿಗಳು ಒಣಗಿದ ಎಲೆಗಳನ್ನು ಗೀರುತ್ತವೆ, ಕಿವಿಗಿಂತ ಎದೆಗೇ ತಾಗುವಂಥ ಮಂದವಾದ ಗುಂಯ್ ಎಂಬ ನಾದ ಕೇಳುತ್ತದೆ, ನೋಡುತ್ತಿದ್ದಂತೆಯೇ ತಲೆಯ ನೀಲಿ ಕೆಂಪಾಗುತ್ತದೆ. ಆ ಗಳಿಗೆಯಲ್ಲಿ ಮಡಿಲಲ್ಲಿರುವ ಪೆಟ್ಟಿಗೆಗೋ ಬಟ್ಟಲಿಗೋ ಕೈ ಹಾಕಿದರೆ ಹುಂಜ ‘ಪಟ್’ ಎಂದು ಎಚ್ಚರಿಕೆಯ ದನಿ ಹೊರಡಿಸಿ ಓಟ ಕಿತ್ತಂತೆಯೇ ಸರಿ. ಕೋವಿಯನ್ನು ಮೊಣಕಾಲಿನ ಮೇಲೆ ಊರಿ, ಬೆರಳನ್ನೂ ಅಲುಗಿಸದೆ, ಮರದ ಮರೆಗೆ ಹೋದ ಹಕ್ಕಿಯನ್ನು ಒಂದೇ ಒಂದು ಮೆಲುದನಿಯಿಂದ ಈಚೆಗೆ ತರಲು ಸಾಧ್ಯವಿರುವುದು ಬಾಯಿಯ ಕಾಲ್‌ನಿಂದ ಮಾತ್ರ. ದನಿಯ ಗುಣದಲ್ಲಿ ಪಾಟ್ ಕಾಲ್ ಅದಕ್ಕಿಂತ ಮೇಲು ಎಂದು ನಾನು ಈಗಲೂ ಹೇಳುತ್ತೇನೆ, ಆದರೆ ಎರಡೂ ಕೈಗಳು ಬಿಡುವಾಗಿರುವ ಅನುಕೂಲದ ಮುಂದೆ ಆ ಗುಣ ನಿಲ್ಲುವುದಿಲ್ಲ.

ಹಾಗೆಂದು ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ, ಏಕೆಂದರೆ ಬೆಳಗಿನ ಬೇರೆ ಬೇರೆ ಹೊತ್ತಿನಲ್ಲಿ ಅವುಗಳ ಕೆಲಸ ಬೇರೆ. ಹಕ್ಕಿ ಇನ್ನೂ ಮರದ ಮೇಲಿರುವಾಗ ನಾನು ಗೂಬೆಯ ಕೂಗನ್ನಷ್ಟೇ ಬಳಸುತ್ತೇನೆ; ಗೂಬೆ ಕೂಗಿದೊಡನೆ ಹುಂಜ ತಡೆಯಲಾರದೆ ಓಗೊಟ್ಟು ತಾನಿರುವ ಮರವನ್ನು ತಿಳಿಸಿಬಿಡುತ್ತದೆ. ಅದು ನೆಲಕ್ಕೆ ಇಳಿದ ಮೇಲೆ ಸ್ಲೇಟಿನ ಮಾತುಕತೆ ಶುರುವಾಗುತ್ತದೆ. ಒಂಬತ್ತು ಗಂಟೆಯ ನಂತರ, ಕಾಡೆಲ್ಲ ಮೌನವಾಗಿ ಹುಂಜ ಎಲ್ಲಿದೆಯೆಂಬ ಸುಳಿವೂ ಇಲ್ಲದಾಗ, ದಿಬ್ಬದಿಂದ ದಿಬ್ಬಕ್ಕೆ ನಡೆಯುತ್ತಾ ಬಾಕ್ಸ್ ಕಾಲ್‌ನಿಂದ ಜೋರಾಗಿ ಕರೆದರೆ ಕಣಿವೆಯ ಆಚೆಯಿಂದ ಉತ್ತರ ಬರುವುದುಂಟು.

ಬಹಳಷ್ಟು ಕೂಗುವುದೋ, ಸುಮ್ಮನಿರುವುದೋ ಎಂಬ ಇನ್ನೊಂದು ಹೋಲಿಕೆಯನ್ನೂ ಇಲ್ಲಿ ಸೇರಿಸಬೇಕು. ಕೂಗಿದಾಗಲೆಲ್ಲ ಹುಂಜ ಓಗೊಡುವುದು ಕೇಳುವವರಿಗೆ ಅಮಲೇರಿಸುವ ಅನುಭವ, ಅದರಲ್ಲೇ ಅಪಾಯವೂ ಇದೆ. ಉತ್ತರ ಸಿಗುತ್ತಲೇ ಇದ್ದರೆ ‘ಹೇಂಟೆ ಹೇಗೂ ಬರುತ್ತಿದೆ’ ಎಂದುಕೊಂಡ ಹುಂಜ ಎಪ್ಪತ್ತು ಗಜದಾಚೆ, ತೊರೆಯ ಅಥವಾ ಬೇಲಿಯ ಆ ಬದಿಯಲ್ಲಿ, ಗರಿಗೆದರಿ ನಿಂತುಬಿಡುತ್ತದೆ. ಅಂಥ ಹಕ್ಕಿಗೆ ಇನ್ನಷ್ಟು ಕೂಗಿ ಕರೆದದ್ದರಿಂದ ಫಲ ಸಿಕ್ಕಿದ್ದು ವಿರಳ. ಕಾಲ್‌ಗಳನ್ನು ಬದಿಗಿಟ್ಟು, ಪಕ್ಕದ ತರಗೆಲೆಗಳನ್ನು ಹೇಂಟೆ ಕೆದರುವ ಲಯದಲ್ಲಿ ಕೈಯಿಂದ ಗೀರಿ, ಆಮೇಲೆ ಇಪ್ಪತ್ತು ನಿಮಿಷ ಏನೂ ಮಾಡದೆ ಕುಳಿತದ್ದರಿಂದ ಬಂದ ಹಕ್ಕಿಗಳೇ ಹೆಚ್ಚು. ಬಂದದ್ದೂ ಸದ್ದಿಲ್ಲದೆ, ಸಾಮಾನ್ಯವಾಗಿ ನಾವು ನೋಡದ ದಿಕ್ಕಿನಿಂದ. ಈ ವಿಷಯದಲ್ಲಿ ಮೌನದ ಪರವೇ ನನ್ನ ಮತ.

ಹಕ್ಕಿಯನ್ನು ಮರುಳುಮಾಡಿ ಸೆಳೆಯುವ ಡಿಕಾಯ್ ಗೊಂಬೆಗಳ ಬಗ್ಗೆ ನನಗೆ ಅರೆಮನಸ್ಸು. ಬಯಲು ಹೊಲದಲ್ಲಿ ಹೇಂಟೆಯ ಗೊಂಬೆಯೊಂದನ್ನು ನೆಟ್ಟರೆ ಹುಂಜದ ಗಮನ ಅದರ ಮೇಲೆ ನಿಂತು ಬೇಟೆಗಾರನಿಗೆ ಅಲುಗಾಡಲು ಕೊಂಚ ಅವಕಾಶ ಸಿಗುತ್ತದೆ. ದಟ್ಟ ಕಾಡಿನಲ್ಲಿ ಅದು ಹೊರೆ. ಅಲ್ಲದೆ ಸಾರ್ವಜನಿಕ ಅರಣ್ಯದಲ್ಲಿ ಹುಂಜದ ಗೊಂಬೆಯನ್ನು ಹೊತ್ತು ನಡೆಯುವುದನ್ನು ಯಾವ ಅನುಭವಿಯೂ ಒಪ್ಪುವುದಿಲ್ಲ; ಇನ್ನೊಬ್ಬ ಬೇಟೆಗಾರ ಅದನ್ನೇ ಹಕ್ಕಿಯೆಂದು ತಿಳಿದು ಗುಂಡು ಹಾರಿಸಬಹುದು. ಇದೇ ಕಾರಣಕ್ಕೆ ಕೆಂಪು, ಬಿಳಿ, ನೀಲಿ ಬಣ್ಣದ ಕರವಸ್ತ್ರವನ್ನು ಕೂಡ ಕಾಡಿಗೆ ಒಯ್ಯಬಾರದು ಎಂದು ಕಲಿಸುತ್ತಾರೆ, ಏಕೆಂದರೆ ಅವು ಹುಂಜದ ತಲೆಯ ಬಣ್ಣಗಳು.

ಕೋವಿಯ ಚರ್ಚೆ ಅಂಗಡಿಗಳಲ್ಲಿ ಬಹಳ ನಡೆಯುತ್ತದೆ, ಕಾಡಿನಲ್ಲಿ ಅದರ ಮಹತ್ವ ಕಡಿಮೆ. ಹನ್ನೆರಡು ಬೋರ್ ಮತ್ತು ಅದಕ್ಕಿಂತ ಕಿರಿದಾದ ನಳಿಕೆಯ ಇಪ್ಪತ್ತು ಬೋರ್ ಎರಡನ್ನೂ ಹೊತ್ತು ನಡೆದ ಮೇಲೆ ನಾನು ಹಗುರಾದ ಇಪ್ಪತ್ತಕ್ಕೇ ನಿಂತಿದ್ದೇನೆ. ಸೀಸಕ್ಕಿಂತ ಹೆಚ್ಚು ಸಾಂದ್ರವಾದ ಟಂಗ್‌ಸ್ಟನ್ ಚರೆಯ ತೋಟಾಗಳು ಬಂದಮೇಲೆ ಸಣ್ಣ ಬೋರಿನ ಕೊರತೆ ನೀಗಿದೆ, ಆದರೆ ಅವುಗಳ ಬೆಲೆ ಕೇಳಿದವರು ಗುರಿ ಪರೀಕ್ಷೆಗೆ ಅಗ್ಗದ ತೋಟಾಗಳನ್ನೇ ಹುಡುಕುತ್ತಾರೆ.

ಇನ್ನು ಋತುವಿನ ಮೊದಲ ವಾರ ಒಳ್ಳೆಯದೋ, ಕೊನೆಯ ವಾರವೋ ಎಂಬುದು. ಮೊದಲಿಗೆ ಹುಂಜಗಳು ಹೆಚ್ಚು, ಕೂಗಿನಿಂದ ಬೆದರಿದವು ಕಡಿಮೆ, ಮರಗಳಲ್ಲಿ ಎಲೆ ವಿರಳವಾಗಿ ದನಿ ದೂರದಿಂದ ಕೇಳುತ್ತದೆ. ಆದರೆ ಹೇಂಟೆಗಳು ಜೊತೆಯಲ್ಲೇ ಇರುವುದರಿಂದ ನಮ್ಮ ಕರೆಗೆ ಬೆಲೆಯಿಲ್ಲ, ಬೇಟೆಯೂ ಮಧ್ಯಾಹ್ನ ಹನ್ನೆರಡಕ್ಕೇ ನಿಲ್ಲಬೇಕು. ಮೇ ತಿಂಗಳ ಉತ್ತರಾರ್ಧದಲ್ಲಿ ಹೇಂಟೆಗಳು ಹತ್ತು ಹನ್ನೆರಡು ಮೊಟ್ಟೆಗಳ ಮೇಲೆ ಇಪ್ಪತ್ತೆಂಟು ದಿನಗಳ ಕಾವಿಗೆ ಕೂತಿರುತ್ತವೆ, ಒಂಟಿಯಾದ ಹುಂಜ ಹಗಲಿನ ನಡುವೆಯೂ ಕರೆಗೆ ಓಡಿ ಬರುತ್ತದೆ, ಅಷ್ಟು ಹೊತ್ತಿಗೆ ನಿಯಮವೂ ಸಡಿಲವಾಗಿ ಸಂಜೆಯವರೆಗೆ ಬೇಟೆಯಾಡಬಹುದು. ಅದಕ್ಕೆ ತೆರಬೇಕಾದ ಬೆಲೆ ಸೊಳ್ಳೆ ಮತ್ತು ಉಣುಗು. ಪೆನ್ಸಿಲ್ವೇನಿಯಾದ ಉಣುಗುಗಳು ಲೈಮ್ ರೋಗವನ್ನು ಹರಡುತ್ತವೆ. ಬಟ್ಟೆಗೆ ಪರ್ಮೆಥ್ರಿನ್ ಎಂಬ ಕೀಟನಾಶಕ ಸಿಂಪಡಿಸಿ, ಮನೆಗೆ ಬಂದೊಡನೆ ಮಂಡಿಯ ಹಿಂಭಾಗ, ಸೊಂಟದ ಪಟ್ಟಿಯ ಕೆಳಗೆ ತಡವಿ ನೋಡಿಕೊಳ್ಳುವುದು ಕಡ್ಡಾಯ. ರಜೆಯ ದಿನಗಳು ಬೆರಳೆಣಿಕೆಯಷ್ಟೇ ಇರುವವರು ಆರಂಭದ ಗದ್ದಲಕ್ಕೆ ಅವನ್ನು ಖರ್ಚು ಮಾಡದೆ, ಮೇ ತಿಂಗಳ ಕೊನೆಯ ಹತ್ತು ದಿನಗಳಿಗೆ ಉಳಿಸಿಕೊಳ್ಳಲಿ ಎಂದು ನಾನು ಸೂಚಿಸುತ್ತೇನೆ.