ಭಾನುವಾರದ ತಿಂಡಿ: ಹಳೇ ಹೋಟೆಲ್, ಹೊಸ ರೆಸ್ಟೋರೆಂಟ್, ದರ್ಶಿನಿ

ವೈಟ್‌ಫೀಲ್ಡ್ ಕಡೆ ಮನೆ ಮಾಡಿದ ಮೇಲೆ ಭಾನುವಾರದ ತಿಂಡಿಗೆ ನಮಗೆ ಮೂರು ದಾರಿ. ಮೆಟ್ರೋ ಹತ್ತಿ ಬಸವನಗುಡಿ, ಮಲ್ಲೇಶ್ವರದ ಹಳೇ ಹೋಟೆಲ್‌ಗಳಿಗೆ ಹೋಗಬಹುದು. ಇಲ್ಲೇ ಐಟಿ ಕಂಪನಿಗಳ ಸುತ್ತ ಎದ್ದಿರುವ ದೊಡ್ಡ ರೆಸ್ಟೋರೆಂಟ್‌ಗಳಲ್ಲಿ ಕೂರಬಹುದು. ಇಲ್ಲಾಂದ್ರೆ ನಮ್ಮ ರಸ್ತೆ ತುದಿಯ ದರ್ಶಿನಿ ಇದೆ. ಮೂರೂ ಕಡೆ ಸಾಕಷ್ಟು ಸಲ ತಿಂದಿದ್ದೇನೆ, ನನಗೆ ದರ್ಶಿನಿಯೇ ಇಷ್ಟ. ಇತ್ತೀಚೆಗೆ ಒಂದು ಹೊಸ ಜಾಗದ ಬಿಲ್ ನೋಡಿದ ಮೇಲಂತೂ ಆ ಇಷ್ಟ ಇನ್ನೂ ಜಾಸ್ತಿಯಾಗಿದೆ.

ಆ ಬಿಲ್ ವಿಷಯ ಹೇಳಲೇಬೇಕು. ತಿಂಡಿ ಚೆನ್ನಾಗಿಯೇ ಇತ್ತು, ಜಾಗವೂ ತಣ್ಣಗಿತ್ತು. ಆದರೆ ತಿಂದದ್ದರ ಮೊತ್ತದ ಕೆಳಗೆ ಶೇ. 10 ಸರ್ವೀಸ್ ಚಾರ್ಜ್ ಹಾಕಿದ್ದರು. ಅದನ್ನೂ ಕೂಡಿಸಿ, ಒಟ್ಟು ಮೊತ್ತದ ಮೇಲೆ ಶೇ. 5 ಜಿಎಸ್‌ಟಿ. ಅಂದರೆ ನಮ್ಮನ್ನು ಕೇಳದೆ ಸೇರಿಸಿದ ದುಡ್ಡಿಗೂ ನಾವೇ ತೆರಿಗೆ ಕಟ್ಟಬೇಕು. ಇದನ್ನು ತೆಗೆಯಿರಿ ಅಂದೆ. ಸಪ್ಲೈಯರ್ ಹುಡುಗ ಮ್ಯಾನೇಜರನ್ನು ಕರೆದುಕೊಂಡು ಬಂದ. ಅವರು, "ಅದು ಸಿಸ್ಟಂನಲ್ಲೇ ಬರುತ್ತೆ ಸರ್, ಏನೂ ಮಾಡೋಕಾಗಲ್ಲ" ಅಂದರು.

ಮಾಡೋಕಾಗುತ್ತೆ. ಸರ್ವೀಸ್ ಚಾರ್ಜನ್ನು ತಾನಾಗಿಯೇ ಬಿಲ್‌ಗೆ ಸೇರಿಸುವಂತಿಲ್ಲ, ಕೊಡುವುದು ಬಿಡುವುದು ಗಿರಾಕಿಯ ಇಷ್ಟ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ ಅಂದ ಮೇಲೆ, ಆಗಲ್ಲ ಅಂದಿದ್ದ ಅದೇ ಸಿಸ್ಟಂನಿಂದ ಹೊಸ ಬಿಲ್ ಬಂತು. ಅಷ್ಟೊತ್ತಿಗೆ ಮಕ್ಕಳಿಗೆ ಬೇಜಾರಾಗಿತ್ತು, ಪಕ್ಕದ ಟೇಬಲ್ಲಿನವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ನನಗೆ ಸಿಟ್ಟು ಬರುವುದು ಹಣಕ್ಕಲ್ಲ. ಓಡಾಡಿ ಬಡಿಸಿದ ಹುಡುಗನ ಕೈಗೆ ನಾನೇ ಕೊಟ್ಟರೆ ಅದು ಅವನಿಗೆ ಸಿಗುತ್ತೆ, ಬಿಲ್‌ನಲ್ಲಿ ಹೋದದ್ದು ಅವನಿಗೆ ಎಷ್ಟು ಮುಟ್ಟುತ್ತೆ ಅಂತ ಯಾರು ಹೇಳುತ್ತಾರೆ?

ಹಳೇ ಹೋಟೆಲ್‌ಗಳ ರುಚಿ ಬಗ್ಗೆ ನನ್ನದು ಎರಡು ಮಾತಿಲ್ಲ. 1943ರಿಂದ ಇರುವ ವಿದ್ಯಾರ್ಥಿ ಭವನದ ದೋಸೆ, ಎಂಟಿಆರ್‌ನ ರವೆ ಇಡ್ಲಿ, ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ಸಾಂಬಾರೇ ಇಲ್ಲದೆ ಬರೀ ಚಟ್ನಿ ಜೊತೆ ಕೊಡುವ ಇಡ್ಲಿ ವಡೆ, ಇವಕ್ಕೆ ನಮ್ಮ ಕಡೆ ಸಾಟಿ ಸಿಕ್ಕಿಲ್ಲ. 2023ರ ಅಕ್ಟೋಬರ್‌ನಲ್ಲಿ ನೇರಳೆ ಮಾರ್ಗ ಪೂರ್ತಿಯಾದ ಮೇಲೆ ಹೋಗುವುದೂ ಸುಲಭ: ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿಕೊಂಡು ನ್ಯಾಷನಲ್ ಕಾಲೇಜಿನಲ್ಲಿ ಇಳಿದರೆ ಗಾಂಧಿ ಬಜಾರ್ ಹತ್ತಿರವೇ. ಆದರೆ ಭಾನುವಾರ ಅಲ್ಲಿ ಬಾಗಿಲ ಮುಂದೆ ಜನವೋ ಜನ. ಹೋಗಿ, ಕಾದು, ತಿಂದು ಬರುವಷ್ಟರಲ್ಲಿ ಮಧ್ಯಾಹ್ನ. ವಾರಕ್ಕೆ ಸಿಗುವ ಒಂದೇ ರಜೆ ಅಲ್ವಾ ಅದು!

ದರ್ಶಿನಿಯಲ್ಲಿ ಇದ್ಯಾವುದೂ ಇಲ್ಲ. ಜಯನಗರದಲ್ಲಿ 1983ರಲ್ಲಿ ಶುರುವಾದ ಪದ್ಧತಿ ಇಲ್ಲೂ ಹಾಗೇ ಇದೆ. ಮೊದಲು ದುಡ್ಡು, ಕೈಗೆ ಚೀಟಿ, ಎದುರಿಗೇ ಹೆಂಚಿನ ಮೇಲೆ ದೋಸೆ. ಗೋಡೆಯ ಬೋರ್ಡಿನಲ್ಲಿರುವ ರೇಟೇ ಕೊಡುವ ರೇಟು. ನಾಲ್ಕು ಜನರ ತಿಂಡಿ, ಕಾಫಿ ಐನೂರು ರೂಪಾಯಿ ಒಳಗೆ ಮುಗಿಯುತ್ತೆ. ಹತ್ತು ಗಂಟೆ ದಾಟಿದರೆ ಚಟ್ನಿ ನೀರಾಗುತ್ತೆ, ಅದಕ್ಕೇ ನಾವು ಎಂಟಕ್ಕೆಲ್ಲ ಹೋಗಿಬಿಡುತ್ತೇವೆ.

ಒಂದೇ ತೊಂದರೆ ಅಂದರೆ ನಿಂತು ತಿನ್ನಬೇಕು. ಅಮ್ಮನಿಗೆ ಮಂಡಿ ನೋವು, ಅವರು ಊರಿಂದ ಬಂದಾಗ ದರ್ಶಿನಿ ಆಗಲ್ಲ. ಆಗ ನಾನು ಒಂದು ದಿನ ರಜೆ ಹಾಕಿ, ವಾರದ ಮಧ್ಯೆ ಗಾಂಧಿ ಬಜಾರಿಗೆ ಕರೆದುಕೊಂಡು ಹೋಗುತ್ತೇನೆ. ನೀವೂ ಹಾಗೆ ಹೋಗುವುದಾದರೆ ಶುಕ್ರವಾರ ಬೇಡ, ವಿದ್ಯಾರ್ಥಿ ಭವನಕ್ಕೆ ಅವತ್ತು ರಜೆ.